ತೊಂಬತ್ತು ವರ್ಷವೂ ನಾಲ್ಕು ವರ್ಷವೂ

ಮೈಸೂರಿನ ಮಂಡಿ ಮೊಹಲ್ಲದಲ್ಲಿ ನಾವು ಬಾಡಿಗೆಗಿದ್ದ ಮನೆಯ ಹಿತ್ತಿಲಿಗೂ ಬೀಬಮ್ಮನ ಮನೆಯ ಹಿತ್ತಿಲಿಗೂ ನಡುವೆ ಇದ್ದದ್ದು ಎದೆಯೆತ್ತರದ ಒಂದು ಮಣ್ಣುಗೋಡೆ. ಬೀಬಮ್ಮ ಎಂಬುದು ಆಕೆಯ ನಿಜವಾದ ಹೆಸರಲ್ಲ. ಕೇರಿಯ ಮುಸಲ್ಮಾನ ಹೆಂಗಸರನ್ನೆಲ್ಲ ನಾವು ಹಾಗೆಯೇ ಕರೆಯುತ್ತಿದ್ದೆವು, ಅವರೂ ಓಗೊಡುತ್ತಿದ್ದರು. ಆಕೆ ಬೆಳಗಿನಿಂದ ಸಂಜೆಯವರೆಗೆ ಒಂದು ಮರದ ಹಲಗೆಯ ಮುಂದೆ ಕುಳಿತು ಊದುಬತ್ತಿ ಹೊಸೆಯುತ್ತಿದ್ದಳು. ಸಾವಿರ ಕಡ್ಡಿಗೆ ಇಷ್ಟು ಎಂದು ಕೂಲಿ. ಆಕೆಯ ಗಂಡ ಲಾರಿಯ ಮೇಲೆ ಬೊಂಬಾಯಿಗೆ ಹೋದವನು. ಎರಡು ಮನಿಯಾರ್ಡರುಗಳು ಬಂದುವು. ಆಮೇಲೆ ಏನೂ ಬರಲಿಲ್ಲ, ಕಾಗದವೂ ಇಲ್ಲ, ಸುದ್ದಿಯೂ ಇಲ್ಲ. ಸತ್ತನೆನ್ನಲು ಗುರುತಿಲ್ಲ, ಇದ್ದಾನೆನ್ನಲು ಕುರುಹಿಲ್ಲ. ಹಾಗೆ ಏಳು ವರ್ಷ ಕಳೆದಿದ್ದುವು.

ಇದು 1966ರ ಮಾತು. ನಾನಾಗ ಹೈಸ್ಕೂಲಿನಲ್ಲಿದ್ದೆ. ನಮ್ಮ ತಂದೆ ಒಬ್ಬ ವಕೀಲರ ಬಳಿ ಗುಮಾಸ್ತೆ. ಆ ವರ್ಷ, ಹೆಂಡತಿಯನ್ನು ಕಳೆದುಕೊಂಡ ಒಬ್ಬ ದರ್ಜಿ ಬೀಬಮ್ಮನನ್ನು ಮದುವೆಯಾಗಲು ಒಪ್ಪಿದ್ದ. ಆದರೆ ಕೇರಿಯ ಹಿರಿಯರು, ಗಂಡ ಸತ್ತ ವರ್ತಮಾನ ಬರುವವರೆಗೆ ಈಕೆ ಅವನ ಹೆಂಡತಿಯೇ ಎಂದುಬಿಟ್ಟರು. ಎಷ್ಟು ದಿನ ಎಂದು ಕೇಳಿದ್ದಕ್ಕೆ ಒಬ್ಬರು, ಅವನು ಹುಟ್ಟಿ ತೊಂಬತ್ತು ವರ್ಷ ತುಂಬಲಿ ಎಂದರಂತೆ. ಗಂಡನಿಗೆ ಆಗ ಮೂವತ್ತೈದೋ ಏನೋ. ಆ ಲೆಕ್ಕದಲ್ಲಿ ಬೀಬಮ್ಮ ಇನ್ನೂ ಐವತ್ತೈದು ವರ್ಷ ಊದುಬತ್ತಿ ಹೊಸೆಯಬೇಕು.

ಒಂದು ಸಂಜೆ ನಮ್ಮ ತಂದೆ ಕಚೇರಿಯಿಂದ ಒಂದು ಸಣ್ಣ ಪುಸ್ತಕವನ್ನು ತಂದು, ಗೋಡೆಯ ಆಚೆಗಿದ್ದ ಬೀಬಮ್ಮನಿಗೆ ಕನ್ನಡದಲ್ಲಿ ಅರ್ಥ ಹೇಳಿದರು. 1939ರ ಮುಸ್ಲಿಂ ವಿವಾಹ ವಿಸರ್ಜನಾ ಕಾಯಿದೆ. ಎಲ್ಲ ಸೇರಿ ಐದಾರು ಕಲಮುಗಳು. ಗಂಡ ಎಲ್ಲಿರುವನೆಂಬುದು ನಾಲ್ಕು ವರ್ಷ ತಿಳಿಯದೆ ಹೋದರೆ ಹೆಂಡತಿ ಕೋರ್ಟಿನಲ್ಲಿ ಬಿಡುಗಡೆ ಕೇಳಬಹುದು ಎಂಬುದು ಅದರ ಮೊದಲನೆಯ ಕಾರಣ. ಆಕೆ ಎಲ್ಲವನ್ನೂ ಕೇಳಿ, ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಣ್ಣಾ, ಇದು ನಿಮ್ಮ ಕಾನೂನೋ, ನಮ್ಮ ಕಾನೂನೋ?" ಎಂದಳು.

"ಸರ್ಕಾರದ ಕಾನೂನು, ಬೀಬಮ್ಮ" ಎಂದರು ತಂದೆ. ಆ ಉತ್ತರ ಆಕೆಗೂ ಸಾಲಲಿಲ್ಲ, ಅವರಿಗೂ ಸಾಲಲಿಲ್ಲ.

ಮುಂದೆ ನಾನು ಇತಿಹಾಸದ ಮೇಷ್ಟರಾದೆ. ಬಹುಕಾಲ ಪಾಠ ಹೇಳಿದ ಮೇಲೆಯೂ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ನಾನು ಇಸ್ಲಾಮಿನ ಧರ್ಮಶಾಸ್ತ್ರದಲ್ಲಿ ಪಂಡಿತನಲ್ಲ. ಆದರೆ ಆ ಸಣ್ಣ ಪುಸ್ತಕ ಎಲ್ಲಿಂದ ಬಂತು ಎಂಬುದನ್ನು ಹುಡುಕುತ್ತ ಹೋದಾಗ ಮದೀನಾ, ಕೂಫಾ, ಕಲ್ಕತ್ತೆ, ಲಾಹೋರು ಎಲ್ಲವೂ ದಾರಿಯಲ್ಲಿ ಸಿಕ್ಕವು. ಅದನ್ನು ಓದುಗರ ಮುಂದಿಡಬೇಕೆನಿಸಿದೆ.

ಇಸ್ಲಾಮಿನಲ್ಲಿ ಮದುವೆಯೆಂಬುದು ಸಂಸ್ಕಾರಕ್ಕಿಂತ ಹೆಚ್ಚಾಗಿ ಒಂದು ಕರಾರು. ಹೆಣ್ಣಿನ ಒಪ್ಪಿಗೆ ಬೇಕು, ಸಾಕ್ಷಿಗಳು ಬೇಕು, ಗಂಡು ಹೆಣ್ಣಿಗೆ ಕೊಡುವ ಮಹರ್ ಗೊತ್ತಾಗಬೇಕು. ಕರಾರು ಎಂದ ಮೇಲೆ ಅದು ಮುರಿಯುವ ಸಂಭವವೂ ಉಂಟು. ಆದರೂ ಕುರಾನು ಅದನ್ನು ಸಾಮಾನ್ಯ ವ್ಯಾಪಾರದ ಒಪ್ಪಂದವೆನ್ನದೆ ಗಟ್ಟಿಯಾದ ಪ್ರತಿಜ್ಞೆಯೆಂದು ಕರೆಯುತ್ತದೆ. ಹೆಂಡತಿಯನ್ನು ಪೀಡಿಸುವುದಕ್ಕಾಗಿ ಹಿಡಿದಿಟ್ಟುಕೊಳ್ಳಬಾರದೆಂದೂ ವಿಧಿಸುತ್ತದೆ.

ಪೈಗಂಬರರ ಕಾಲದ ಮೂರು ಪ್ರಸಂಗಗಳನ್ನು ಹದೀಸಿನ ಸಂಗ್ರಹಕಾರರು ಉಳಿಸಿದ್ದಾರೆ. ಖನ್ಸಾ ಎಂಬ ಹೆಂಗಸನ್ನು ತಂದೆ ಅವಳ ಇಷ್ಟಕ್ಕೆ ವಿರೋಧವಾಗಿ ಮದುವೆ ಮಾಡಿಕೊಟ್ಟಿದ್ದ. ಆಕೆ ಬಂದು ದೂರಿದಳು. ಪೈಗಂಬರರು ಆ ಮದುವೆಯನ್ನು ರದ್ದು ಮಾಡಿದರು. ಸಾಬಿತ್ ಎಂಬಾತನ ಹೆಂಡತಿ, ತನ್ನ ಗಂಡನ ನಡತೆಯಲ್ಲಾಗಲಿ ಧರ್ಮದಲ್ಲಾಗಲಿ ದೋಷವಿಲ್ಲ, ಆದರೂ ತಾನು ಅವನೊಡನೆ ಬಾಳಲಾರೆನೆಂದಳು. ಮಹರಾಗಿ ಅವನು ಕೊಟ್ಟಿದ್ದ ತೋಟವನ್ನು ಹಿಂದಿರುಗಿಸುವೆಯಾ ಎಂದು ಕೇಳಿ, ಆಕೆ ಹೂಂ ಎಂದ ಮೇಲೆ, ತೋಟವನ್ನು ತೆಗೆದುಕೊಂಡು ಅವಳನ್ನು ಬಿಡೆಂದು ಗಂಡನಿಗೆ ಹೇಳಿದರು. ಖುಲಾ ಎಂಬ ವಿಚ್ಛೇದನಕ್ಕೆ ಮೂಲ ಇದು.

ಮೂರನೆಯದು ನನ್ನ ಮನಸ್ಸನ್ನು ಬಹುಕಾಲ ಹಿಡಿದ ಕಥೆ. ಬರೀರಾ ಎಂಬ ದಾಸಿಗೆ ಬಿಡುಗಡೆಯಾಯಿತು. ಅವಳ ಗಂಡ ಮುಗೀಸನಾದರೋ ಇನ್ನೂ ದಾಸ. ಬಿಡುಗಡೆಯಾದ ಹೆಣ್ಣಿಗೆ ಆ ಮದುವೆಯಲ್ಲಿ ಉಳಿಯುವ ಅಥವಾ ಬಿಡುವ ಆಯ್ಕೆಯುಂಟು; ಅವಳು ಬಿಟ್ಟಳು. ಮುಗೀಸ ಗಡ್ಡದ ಮೇಲೆ ಕಣ್ಣೀರಿಳಿಸುತ್ತ ಮದೀನಾದ ಬೀದಿಗಳಲ್ಲಿ ಅವಳ ಹಿಂದೆ ತಿರುಗಿದ. ಮರುಗಿದ ಪೈಗಂಬರರು ಅವನಲ್ಲಿಗೆ ಹಿಂದಿರುಗಬಾರದೇ ಎಂದರು. ಇದು ಅಪ್ಪಣೆಯೋ ಎಂದು ಅವಳು ಕೇಳಿದಳು. ಅಲ್ಲ, ಅವನ ಪರವಾಗಿ ಕೇಳಿಕೊಳ್ಳುತ್ತಿದ್ದೇನೆ ಅಷ್ಟೆ ಎಂದರು. ಹಾಗಾದರೆ ನನಗೆ ಅವನು ಬೇಡ ಎಂದಳು. ಮಾತು ಅಲ್ಲಿಗೆ ಮುಗಿಯಿತು. ನಿನ್ನೆಯವರೆಗೆ ದಾಸಿಯಾಗಿದ್ದವಳು ಪೈಗಂಬರರ ಎದುರಿಗೆ ನಿಂತು ಅಪ್ಪಣೆಗೂ ಕೋರಿಕೆಗೂ ವ್ಯತ್ಯಾಸವನ್ನು ಕೇಳಿ ತಿಳಿದುಕೊಂಡಳು. ಅದಕ್ಕಾಗಿ ಯಾರೂ ಅವಳನ್ನು ಗದರಿಸಲಿಲ್ಲ.

ಇನ್ನು ಕಾಣೆಯಾದ ಗಂಡನ ವಿಷಯ. ಪೈಗಂಬರರ ನಂತರದ ಎರಡು ಶತಮಾನಗಳಲ್ಲಿ ಸುನ್ನಿಗಳಲ್ಲಿ ಇಂದಿಗೂ ಉಳಿದಿರುವ ನಾಲ್ಕು ನ್ಯಾಯಪಂಥಗಳು ಬೆಳೆದುವು. ಕೂಫಾದ ಅಬೂ ಹನೀಫರು, ಮದೀನಾದ ಮಾಲಿಕರು, ಶಾಫಿಯವರು, ಇಬ್ನ್ ಹಂಬಲರು ಇವುಗಳ ಮೂಲಪುರುಷರು. ನಾಲ್ಕೂ ಪ್ರಮಾಣವೇ, ಒಂದನ್ನೊಂದು ಪಾಷಂಡವೆನ್ನುವುದಿಲ್ಲ. ಆದರೆ ತೀರ್ಪುಗಳಲ್ಲಿ ವ್ಯತ್ಯಾಸ ಬಹಳ. ಹನಫಿಗಳು, ಇದ್ದದ್ದು ಇದೆಯೆಂದೇ ಭಾವಿಸಬೇಕು, ಇಲ್ಲವಾಯಿತೆಂಬುದಕ್ಕೆ ಸಾಕ್ಷ್ಯ ಬೇಕು ಎಂಬ ತತ್ತ್ವಕ್ಕೆ ಅಂಟಿಕೊಂಡರು. ಅದರಿಂದ, ಅವನ ಓರಗೆಯವರೆಲ್ಲ ತೀರಿಕೊಳ್ಳುವವರೆಗೆ, ಕೆಲವರ ಲೆಕ್ಕದಲ್ಲಿ ಹುಟ್ಟಿ ತೊಂಬತ್ತು ವರ್ಷವಾಗುವವರೆಗೆ, ಅವನು ಬದುಕಿದ್ದಾನೆ. ತರ್ಕದಲ್ಲಿ ಲೋಪವಿಲ್ಲ. ಆಸ್ತಿಯ ವಿಷಯದಲ್ಲಿ ಅದು ಒಳ್ಳೆಯ ತರ್ಕವೂ ಹೌದು. ಕಾಣೆಯಾದವನ ಹೊಲವನ್ನು ದಾಯಾದಿಗಳು ನುಂಗುವುದನ್ನು ಅದು ತಡೆಯುತ್ತದೆ. ಆದರೆ ಹೊಲ ತೊಂಬತ್ತು ವರ್ಷ ಕಾಯಬಲ್ಲುದು, ಹೆಣ್ಣು ಕಾಯಲಾರಳು. ಮಾಲಿಕರು ಇದನ್ನು ಕಂಡರು. ಖಲೀಫ ಉಮರರದೆಂದು ಹೇಳುವ ಒಂದು ತೀರ್ಪನ್ನು ಆಧಾರವಾಗಿಟ್ಟುಕೊಂಡು, ಹುಡುಕಿಸಿದರೂ ಸಿಕ್ಕದ ಗಂಡನಿಗಾಗಿ ಹೆಂಡತಿ ನಾಲ್ಕು ವರ್ಷ ಕಾದು, ವಿಧವೆಯಂತೆ ನಾಲ್ಕು ತಿಂಗಳು ಹತ್ತು ದಿನ ಇದ್ದತ್ ಕಳೆದು ಬೇರೆ ಮದುವೆಯಾಗಬಹುದೆಂದರು. ಹೀಗೆ ತೊಂಬತ್ತು ವರ್ಷವೂ ಶರೀಯತ್ತೇ, ನಾಲ್ಕು ವರ್ಷವೂ ಶರೀಯತ್ತೇ. ಮಂಡಿ ಮೊಹಲ್ಲದ ಹಿರಿಯರು ಹೇಳಿದ್ದು ಸುಳ್ಳಲ್ಲ, ಪೂರ್ತಿಯಲ್ಲ, ಅಷ್ಟೆ.

ಹಿಂದೂಸ್ಥಾನದ ಮುಸಲ್ಮಾನರಲ್ಲಿ ಬಹುಪಾಲು ಹನಫಿಗಳು. ನಮ್ಮ ನಾಡಿನಲ್ಲಿಯೇ ನೋಡಿದರೆ ಮೈಸೂರು, ಬೆಂಗಳೂರು, ಕಲಬುರ್ಗಿಗಳ ಕಡೆಯ ಉರ್ದು ಮಾತಿನವರು ಹೆಚ್ಚಾಗಿ ಹನಫಿಗಳು. ಘಟ್ಟದ ಕೆಳಗಿನ ಬ್ಯಾರಿಗಳೂ ಭಟ್ಕಳದ ನವಾಯತರೂ ಶಾಫಿ ಪಂಥದವರು. ಹೆಂಡತಿಗೆ ಅನ್ನಬಟ್ಟೆ ಕೊಡದ ಗಂಡನಿಂದ ಬಿಡುಗಡೆ ಶಾಫಿ ಪಂಥದಲ್ಲಿ ಸಿಕ್ಕಬಹುದು, ಹನಫಿಯಲ್ಲಿ ಸಿಕ್ಕದು. ಅಂದರೆ ಒಬ್ಬ ಹೆಣ್ಣಿನ ಭಾಗ್ಯ ಅವಳು ಘಟ್ಟದ ಮೇಲೆ ಹುಟ್ಟಿದಳೋ ಕೆಳಗೆ ಹುಟ್ಟಿದಳೋ ಎಂಬುದರ ಮೇಲೆ ನಿಂತಿತ್ತು.

ಹಿಂದೆ ಖಾಜಿಗಳಿದ್ದಾಗ ಇದಕ್ಕೆ ಸ್ವಲ್ಪ ಉಸಿರಾಟವಿತ್ತು. ಖಾಜಿ ವಿವೇಕಿಯಾಗಿದ್ದರೆ ಕಷ್ಟದಲ್ಲಿರುವ ಹೆಂಗಸನ್ನು ಬೇರೆ ಪಂಥದ ಅಭಿಪ್ರಾಯಕ್ಕೆ ಒಪ್ಪಿಸಬಹುದಾಗಿತ್ತು. ಕಂಪೆನಿಯ ಸರ್ಕಾರ ಬಂದ ಮೇಲೆ ಆ ಬಾಗಿಲು ಮುಚ್ಚತೊಡಗಿತು. ವಾರನ್ ಹೇಸ್ಟಿಂಗ್ಸ್ 1772ರಲ್ಲಿ ಹಿಂದೂಗಳಿಗೆ ಶಾಸ್ತ್ರದಂತೆಯೂ ಮುಸಲ್ಮಾನರಿಗೆ ಕುರಾನಿನಂತೆಯೂ ನ್ಯಾಯ ಎಂದು ಗೊತ್ತುಮಾಡಿದ. ಹನ್ನೆರಡನೆಯ ಶತಮಾನದ ಹನಫಿ ಗ್ರಂಥವಾದ 'ಹಿದಾಯಾ' 1791ರಲ್ಲಿ ಇಂಗ್ಲಿಷಿಗೆ ಬಂತು. ಭಾಷ್ಯದ ಮೇಲೆ ಭಾಷ್ಯ ಬರೆದು, ಹೀಗೂ ಉಂಟು ಹಾಗೂ ಉಂಟು ಎನ್ನುವ ಪರಂಪರೆಯ ಒಂದು ಗ್ರಂಥವನ್ನು ಇಂಗ್ಲಿಷ್ ಜಡ್ಜಿಗಳು ದಂಡಸಂಹಿತೆಯಂತೆ ಓದಿದರು. 1864ರಲ್ಲಿ ಸರ್ಕಾರ ಖಾಜಿಗಳನ್ನು ನೇಮಿಸುವುದನ್ನೇ ನಿಲ್ಲಿಸಿತು. 1880ರ ಕಾಯಿದೆ ಅವರನ್ನು ಮತ್ತೆ ತಂದರೂ ಅವರಿಗೆ ಉಳಿದದ್ದು ನಿಕಾಹ ಓದಿಸುವ ಕೆಲಸ. ನ್ಯಾಯ ತೀರಿಸುವ ಅಧಿಕಾರವಲ್ಲ. ಹಿಂದೂ ಧರ್ಮಶಾಸ್ತ್ರಕ್ಕೂ ಇದೇ ಗತಿಯಾಯಿತೆಂಬುದನ್ನು ಓದುಗರು ಬಲ್ಲರು.

ಆಗ ಪಂಜಾಬಿನಲ್ಲಿ ಒಂದು ವಿಚಿತ್ರ ಪದ್ಧತಿ ಹುಟ್ಟಿತು. ಗಂಡ ಹೆಂಡಿರಲ್ಲಿ ಒಬ್ಬರು ಇಸ್ಲಾಮನ್ನು ಬಿಟ್ಟರೆ ಮದುವೆ ತಾನಾಗಿಯೇ ಮುರಿಯುತ್ತದೆ ಎಂಬುದು ಹನಫಿ ಗ್ರಂಥಗಳಲ್ಲಿದ್ದ ನಿಯಮ. ಹಾಗೆ ಧರ್ಮ ಬಿಟ್ಟ ಹೆಣ್ಣನ್ನು ಹಿಂದಿರುಗುವವರೆಗೆ ಸೆರೆಯಲ್ಲಿಡಬೇಕೆಂಬುದೂ ಅದೇ ಗ್ರಂಥಗಳಲ್ಲಿತ್ತು. ಬ್ರಿಟಿಷ್ ಕೋರ್ಟುಗಳು ನಿಯಮದ ಮೊದಲ ಅರ್ಧವನ್ನು ಇಟ್ಟುಕೊಂಡು ಎರಡನೆಯ ಅರ್ಧವನ್ನು ಬಿಟ್ಟುವು. ಬೇರೆ ದಾರಿ ಕಾಣದ ಹೆಂಗಸರಿಗೆ ಉಳಿದ ಬಾಗಿಲು ಅದೊಂದೇ. ಕ್ರೈಸ್ತ ಪಾದ್ರಿಯ ಬಳಿಗೋ ಬೇರೊಬ್ಬರ ಬಳಿಗೋ ಹೋಗಿ ಮತಾಂತರವಾದೆನೆಂದು ಕೋರ್ಟಿಗೆ ತೋರಿಸುವುದು, ಮದುವೆ ಮುರಿಯಿತೆಂದು ಡಿಕ್ರಿ ಪಡೆಯುವುದು. ಕ್ರೂರನಾದ, ಕಾಣೆಯಾದ, ಹುಚ್ಚನಾದ ಗಂಡನಿಂದ ಬಿಡಿಸಿಕೊಳ್ಳಲು ಹೆಣ್ಣು ತನ್ನ ದೇವರನ್ನೇ ಬಿಡಬೇಕಾಯಿತು. ಇಂಥ ಕುಯುಕ್ತಿ ಬರಬಹುದೆಂದು ಶಂಕಿಸಿಯೇ ಹಿಂದೆ ಬಲ್ಖ್, ಸಮರಖಂದಗಳ ಹನಫಿ ಪಂಡಿತರು ಹೆಂಡತಿಯ ಮತತ್ಯಾಗದಿಂದ ಮದುವೆ ಮುರಿಯದೆಂದು ಹೇಳಿದ್ದರು. ಆದರೆ ಅವರು ಬಾಗಿಲು ಮುಚ್ಚಿದರೇ ಹೊರತು ಕಿಟಕಿ ತೆರೆಯಲಿಲ್ಲ.

ಪಂಜಾಬಿನ ಈ ಸ್ಥಿತಿಯನ್ನು ಕವಿ ಮುಹಮ್ಮದ್ ಇಕ್ಬಾಲರು ತಮ್ಮ ಇಂಗ್ಲಿಷ್ ಉಪನ್ಯಾಸಗಳಲ್ಲಿ ನೋವಿನಿಂದ ಪ್ರಸ್ತಾಪಿಸಿದ್ದಾರೆ. 1929ರ ಜನವರಿಯಲ್ಲಿ ಮದರಾಸಿಗೆ ಉಪನ್ಯಾಸಕ್ಕೆಂದು ಬಂದಿದ್ದ ಅವರು ಬೆಂಗಳೂರು ಮೈಸೂರುಗಳಿಗೂ ಬಂದು, ಶ್ರೀರಂಗಪಟ್ಟಣದಲ್ಲಿ ಟೀಪೂ ಸುಲ್ತಾನನ ಗೋರಿಯನ್ನು ಕಂಡು ಹೋದರು. ಶರೀಯತ್ತಿನಲ್ಲಿ ಚಲನೆಯ ತತ್ತ್ವವೊಂದಿದೆ, ಇಜ್ತಿಹಾದ್ ಎಂಬ ಸ್ವತಂತ್ರ ವಿಚಾರದ ಬಾಗಿಲು ಮುಚ್ಚಿಲ್ಲ ಎಂಬುದು ಅವರ ವಾದ. ಹನಫಿ ನ್ಯಾಯಕ್ಕೇ ಜೋತುಬಿದ್ದ ಜಡ್ಜಿಗಳ ಸಂಪ್ರದಾಯನಿಷ್ಠೆ ಅವರಿಗೆ ಸರಿಕಾಣಲಿಲ್ಲ.

ಇಕ್ಬಾಲರು ಇಂಗ್ಲಿಷ್ ಓದಿದ ತತ್ತ್ವಜ್ಞಾನಿ. ಅವರು ಹೀಗೆಂದದ್ದರಲ್ಲಿ ಆಶ್ಚರ್ಯವಿಲ್ಲ. ಆಶ್ಚರ್ಯವಿರುವುದು ಮೌಲಾನಾ ಅಶ್ರಫ್ ಅಲಿ ಥಾನವಿಯವರಲ್ಲಿ. ದೇವಬಂದಿನ ಪರಂಪರೆಯ ಕಟ್ಟಾ ಹನಫಿ ವಿದ್ವಾಂಸರು ಅವರು, ಆಧುನಿಕರೆಂದು ಯಾರೂ ಅವರನ್ನು ದೂಷಿಸಲಾರರು. ಮತತ್ಯಾಗದಿಂದ ಮದುವೆ ಮುರಿಯುತ್ತದೆಂದು ಹಿಂದೆ ಫತ್ವಾ ಕೊಟ್ಟವರೂ ಅವರೇ. ಹೆಂಗಸರು ಧರ್ಮ ಬಿಡುತ್ತಿರುವ ಸುದ್ದಿ ಕೇಳಿ ಅವರು ಮತ್ತೆ ಗ್ರಂಥಗಳನ್ನು ತೆರೆದರು. ಮದೀನಾದ ಮಾಲಿಕಿ ವಿದ್ವಾಂಸರಿಗೆ ಪ್ರಶ್ನೆಗಳನ್ನು ಬರೆದು ಕಳಿಸಿ ಉತ್ತರ ತರಿಸಿಕೊಂಡರು. 1931ರಲ್ಲಿ ಅವರ 'ಅಲ್ ಹೀಲತುನ್ನಾಜಿಝಾ' ಹೊರಬಂತು; ಅಸಹಾಯಳಾದ ಹೆಂಡತಿಗೆ ಬಿಡುಗಡೆಯ ಉಪಾಯ ಎಂಬುದು ಅದರ ಹೆಸರಿನ ಆಶಯ. ಅದರಲ್ಲಿ ಅವರು ತಮ್ಮ ಹಳೆಯ ಮಾತನ್ನು ತಿದ್ದಿಕೊಂಡು ಮತತ್ಯಾಗದ ಬಾಗಿಲನ್ನು ಮುಚ್ಚಿದರು. ಅದರ ಜೊತೆಗೆ, ಕಷ್ಟಕಾಲದಲ್ಲಿ ಹನಫಿಗಳು ಮಾಲಿಕಿ ತೀರ್ಪನ್ನು ಹಿಡಿಯಬಹುದೆಂದರು. ಖಾಜಿ ಇಲ್ಲದ ಕಡೆ ಸಜ್ಜನ ಮುಸಲ್ಮಾನರ ಒಂದು ಪಂಚಾಯಿತಿ ಖಾಜಿಯ ಕೆಲಸ ಮಾಡಬಹುದೆಂದರು. ಇನ್ನೂ ಒಂದು ಮಾತು: ಮದುವೆಯ ಕರಾರಿನಲ್ಲಿಯೇ, ಇಂಥಿಂಥ ಸಂದರ್ಭದಲ್ಲಿ ತಲಾಖಿನ ಅಧಿಕಾರ ಹೆಂಡತಿಗೆ ಸೇರತಕ್ಕದ್ದೆಂದು ಬರೆಸಿಕೊಳ್ಳಿ ಎಂದರು.

ಇದನ್ನು ಓದಿದಾಗ ನನಗೆ ವಂಗದೇಶದ ಈಶ್ವರಚಂದ್ರ ವಿದ್ಯಾಸಾಗರರ ನೆನಪಾಯಿತು. ವಿಧವಾವಿವಾಹಕ್ಕೆ ಆಧಾರ ಹುಡುಕುತ್ತ ಅವರು ಪರಾಶರ ಸ್ಮೃತಿಯ ಒಂದು ಶ್ಲೋಕಕ್ಕೆ ಬಂದು ನಿಂತರು. 1856ರ ಕಾಯಿದೆಯ ಹಿಂದೆ ಆ ಶ್ಲೋಕವಿದೆ. ಹೆಣ್ಣಿಗೆ ಬೇರೆ ಪತಿ ವಿಹಿತನಾಗುವ ಐದು ಆಪತ್ತುಗಳನ್ನು ಹೇಳುವ ಆ ಶ್ಲೋಕದಲ್ಲಿ ಮೊದಲು ಬರುವವನು ಸತ್ತ ಗಂಡನಲ್ಲ, ಕಾಣೆಯಾದ ಗಂಡ. ವಿದ್ಯಾಸಾಗರರು ಪರಾಶರನಲ್ಲಿ ಹುಡುಕಿದ್ದನ್ನು ಥಾನವಿಯವರು ಮಾಲಿಕರಲ್ಲಿ ಹುಡುಕಿದರು. ಇಬ್ಬರೂ ತಮ್ಮ ಮನೆಯ ಅಟ್ಟವನ್ನೇ ತಡಕಾಡಿದವರು.

ಥಾನವಿಯವರ ಗ್ರಂಥದ ಬಲದಿಂದ, ಮುಹಮ್ಮದ್ ಅಹ್ಮದ್ ಕಾಜ್ಮಿಯವರು 1936ರಲ್ಲಿ ಕೇಂದ್ರ ಶಾಸನಸಭೆಯಲ್ಲಿ ಒಂದು ಮಸೂದೆ ಮಂಡಿಸಿದರು. ಹನಫಿ ನ್ಯಾಯದಿಂದ ಕಷ್ಟ ಒದಗಿದಾಗ ಉಳಿದ ಪಂಥಗಳ ನ್ಯಾಯವನ್ನು ಹಿಡಿಯಬಹುದೆಂದು ಹನಫಿ ಪಂಡಿತರೇ ಒಪ್ಪಿದ್ದಾರೆಂಬುದು ಅದರ ಉದ್ದೇಶಪತ್ರದ ಜೀವಾಳ. ಮೂರು ವರ್ಷ ಎಳೆದಾಟವಾಯಿತು. ಇಂಥ ದಾವೆಗಳನ್ನು ಮುಸಲ್ಮಾನ ಜಡ್ಜಿಗಳೇ ಕೇಳಬೇಕೆಂಬುದು ಉಲೇಮಾಗಳ ಆಗ್ರಹವಾಗಿತ್ತು. ಆಯ್ಕೆ ಸಮಿತಿ ಆ ಕಲಮನ್ನು ತೆಗೆದುಹಾಕಿತು. ಉಲೇಮಾಗಳಿಗೆ ಅಸಮಾಧಾನವಾಯಿತು. ಕೊನೆಗೆ 1939ರ ಮಾರ್ಚಿಯಲ್ಲಿ ಕಾಯಿದೆ ಜಾರಿಗೆ ಬಂತು.

ನಾಲ್ಕು ವರ್ಷ ಗಂಡನ ಸುಳಿವಿಲ್ಲದಿರುವುದು, ಎರಡು ವರ್ಷ ಜೀವನಾಂಶ ಕೊಡದಿರುವುದು, ಏಳು ವರ್ಷ ಅಥವಾ ಹೆಚ್ಚಿನ ಸೆರೆವಾಸ, ಹುಚ್ಚು, ಷಂಡತನ, ಕ್ರೌರ್ಯ ಇವೆಲ್ಲ ಬಿಡುಗಡೆಗೆ ಕಾರಣಗಳಾದುವು. ಹದಿನೈದು ತುಂಬುವ ಮೊದಲು ಹಿರಿಯರು ಮದುವೆ ಮಾಡಿಕೊಟ್ಟ ಹುಡುಗಿ, ಸಂಸಾರ ಆರಂಭವಾಗದಿದ್ದರೆ, ಹದಿನೆಂಟು ತುಂಬುವುದರೊಳಗೆ ಆ ಮದುವೆಯನ್ನು ತಿರಸ್ಕರಿಸಬಹುದು. ಕ್ರೌರ್ಯವೆಂದರೆ ಹೊಡೆತ ಮಾತ್ರವಲ್ಲ. ಹೆಂಡತಿಯ ಆಸ್ತಿಯನ್ನು ಮಾರಿಬಿಡುವುದೂ ಅವಳ ಧರ್ಮಾಚರಣೆಗೆ ಅಡ್ಡಿಮಾಡುವುದೂ ಒಬ್ಬರಿಗಿಂತ ಹೆಚ್ಚು ಹೆಂಡಿರಿದ್ದಾಗ ಸಮನಾಗಿ ಕಾಣದಿರುವುದೂ ಕ್ರೌರ್ಯವೇ. ಕುಷ್ಠರೋಗವೂ ಒಂದು ಕಾರಣವಾಗಿತ್ತು, ಅದನ್ನು 2019ರಲ್ಲಿ ತೆಗೆದರು. ಡಿಕ್ರಿ ಆದರೂ ಮಹರಿನ ಹಕ್ಕು ಹೋಗುವುದಿಲ್ಲ. ನಾಲ್ಕನೆಯ ಕಲಮಿನಲ್ಲಿ, ಇಸ್ಲಾಮನ್ನು ಬಿಟ್ಟ ಮಾತ್ರಕ್ಕೆ ಹೆಂಡತಿಯ ಮದುವೆ ಮುರಿಯದೆಂದು ವಿಧಿಸಿತು. ಆದರೆ ಬೇರೆ ಧರ್ಮದಿಂದ ಬಂದವಳು ತನ್ನ ಮೊದಲಿನ ಧರ್ಮಕ್ಕೆ ಮರಳಿದರೆ ಅವಳಿಗೆ ಇದು ಅನ್ವಯಿಸದು.

ಆ ವರ್ಷ ಹಿಂದೂ ಹೆಂಗಸಿನ ಸ್ಥಿತಿ ಏನಿತ್ತೆಂದು ಸ್ವಲ್ಪ ನೆನೆಯುವುದು ಒಳ್ಳೆಯದು. ಬರೋಡೆಯಂಥ ಒಂದೆರಡು ಕಡೆ ಬಿಟ್ಟರೆ, ಶಾಸ್ತ್ರೋಕ್ತವಾಗಿ ಮದುವೆಯಾದ ಹಿಂದೂ ಹೆಣ್ಣಿಗೆ ಕಾನೂನಿನಲ್ಲಿ ವಿಚ್ಛೇದನವೇ ಇರಲಿಲ್ಲ. ಅದು ದೇಶಕ್ಕೆಲ್ಲ ಬಂದದ್ದು 1955ರಲ್ಲಿ. ಕಾಣೆಯಾದ ಗಂಡನಿಗಾಗಿ ಅಲ್ಲಿಯೂ ಏಳು ವರ್ಷ ಕಾಯಬೇಕು. ಕ್ರೈಸ್ತ ಹೆಂಡತಿಗೆ ಗಂಡನ ವ್ಯಭಿಚಾರದ ಜೊತೆಗೆ ಇನ್ನೊಂದು ದೋಷವನ್ನೂ ತೋರಿಸಬೇಕಾದ ಕಟ್ಟಳೆ 2001ರವರೆಗೂ ಉಳಿದಿತ್ತು. ಮುಸಲ್ಮಾನ ಹೆಂಗಸರ ಸ್ಥಿತಿಯ ಬಗ್ಗೆ ನಾವು ಕಾಫಿ ಕುಡಿಯುತ್ತ ಮರುಗುವಾಗ ಈ ತೇದಿಗಳು ಬಾಯಿಗೆ ಬರುವುದು ಕಡಮೆ.

ಇದಾಗಿ ಹತ್ತು ವರ್ಷದೊಳಗೆ, 1948ರ ಡಿಸೆಂಬರಿನಲ್ಲಿ, ವಿಶ್ವಸಂಸ್ಥೆ ಮಾನವ ಹಕ್ಕುಗಳ ಘೋಷಣೆಯನ್ನು ಅಂಗೀಕರಿಸಿತು. ಮದುವೆಯಲ್ಲಿಯೂ ಅದು ಮುರಿಯುವಾಗಲೂ ಗಂಡು ಹೆಣ್ಣಿಗೆ ಸಮಾನವಾದ ಹಕ್ಕು ಎಂಬುದು ಅದರ ಹದಿನಾರನೆಯ ವಿಧಿ. ಸೌದಿ ಅರೇಬಿಯ ಮತ ಹಾಕದೆ ಉಳಿಯಿತು. ಈ ವಿಧಿಯೂ ಅದಕ್ಕೊಂದು ಕಾರಣ. ಆದರೆ ಅದೇ ವಿಧಿಯ ಪರವಾಗಿ ವಾದಿಸಿದವರಲ್ಲಿ ಪಾಕಿಸ್ತಾನದ ಪ್ರತಿನಿಧಿ ಬೇಗಂ ಶಾಯಿಸ್ತಾ ಇಕ್ರಾಮುಲ್ಲಾ ಒಬ್ಬರು. ಇಸ್ಲಾಮಿನ ನಿಲುವು ಯಾವುದು ಎಂದು ಕೇಳುವವರಿಗೆ, ಒಂದೇ ಸಭೆಯಲ್ಲಿ ಎರಡು ಕಡೆಯೂ ಮುಸಲ್ಮಾನರೇ ಕುಳಿತಿದ್ದರೆಂಬುದನ್ನು ತೋರಿಸಬೇಕು. ಮುಂದಿನ ಇತಿಹಾಸವೂ ಹಾಗೆಯೇ ನಡೆಯಿತು. ಟ್ಯುನೀಸಿಯ 1956ರಲ್ಲಿ ಬಹುಪತ್ನಿತ್ವವನ್ನು ನಿಷೇಧಿಸಿ ವಿಚ್ಛೇದನ ಕೋರ್ಟಿನಲ್ಲಿಯೇ ಆಗತಕ್ಕದ್ದೆಂದಿತು. ಗಂಡನ ಒಪ್ಪಿಗೆಯಿಲ್ಲದೆಯೂ ಖುಲಾ ಕೊಡಬಹುದೆಂದು ಪಾಕಿಸ್ತಾನದ ಸುಪ್ರೀಂ ಕೋರ್ಟು 1967ರಲ್ಲಿಯೂ ಈಜಿಪ್ಟಿನ ಶಾಸನ 2000ದಲ್ಲಿಯೂ ಒಪ್ಪಿದುವು. ಆಗ ಎಲ್ಲರೂ ಹಿಂದಿರುಗಿದ್ದು ಸಾಬಿತನ ಹೆಂಡತಿಯ ತೋಟಕ್ಕೇ.

ನಮ್ಮಲ್ಲಿ ಗದ್ದಲವೆಲ್ಲ ನಡೆದದ್ದು ತಲಾಖಿನ ಸುತ್ತ. ಒಂದೇ ಉಸಿರಿನಲ್ಲಿ ಮೂರು ಬಾರಿ ತಲಾಖ್ ಎಂದರೆ ಮದುವೆ ಮುಗಿಯಿತೆಂಬ ಪದ್ಧತಿಯನ್ನು ಹದಿನಾಲ್ಕನೆಯ ಶತಮಾನದಲ್ಲಿಯೇ ದಮಾಸ್ಕಸ್ಸಿನ ಇಬ್ನ್ ತೈಮಿಯ್ಯಾ ವಿರೋಧಿಸಿದ್ದರು. ತಲಾಖಿನ ವಿಷಯದ ಅಭಿಪ್ರಾಯಗಳಿಗಾಗಿ ಸೆರೆಯನ್ನೂ ಕಂಡರು. ಈಜಿಪ್ಟು 1929ರಲ್ಲಿ ಅಂಥ ಮೂರನ್ನು ಒಂದೆಂದೇ ಎಣಿಸಿತು. ನಮ್ಮ ಸುಪ್ರೀಂ ಕೋರ್ಟು ಅದನ್ನು ಅಸಿಂಧುಗೊಳಿಸಿದ್ದು 2017ರ ಆಗಸ್ಟಿನಲ್ಲಿ, ಐವರಲ್ಲಿ ಮೂವರ ಬಹುಮತದಿಂದ. 2019ರ ಕಾಯಿದೆ ಹಾಗೆ ಉಚ್ಚರಿಸಿದವನಿಗೆ ಮೂರು ವರ್ಷದವರೆಗೆ ಸೆರೆಯನ್ನು ಗೊತ್ತುಮಾಡಿತು. ಸರಿಯೇ. ಈ ಪದ್ಧತಿಯಿಂದ ಹೆಣ್ಣಿಗಾಗುವ ಸಂಕಟವನ್ನು ಸಾರಾ ಅಬೂಬಕ್ಕರ್ ಅವರ 'ಚಂದ್ರಗಿರಿಯ ತೀರದಲ್ಲಿ' ಓದಿದವರು ಬಲ್ಲರು. ಬಿಟ್ಟ ಗಂಡನನ್ನೇ ಮತ್ತೆ ಸೇರಬೇಕಾದರೆ ಒಂದು ರಾತ್ರಿಗೆ ಇನ್ನೊಬ್ಬನ ಹೆಂಡತಿಯಾಗಬೇಕೆಂದಾಗ ನಾದಿರಾ ಮಸೀದಿಯ ಕೊಳವನ್ನು ಆರಿಸಿಕೊಂಡಳು. ಆದರೂ ನನ್ನ ಮನಸ್ಸಿನಲ್ಲಿ ಒಂದು ಮಾತು ಉಳಿದೇ ಇದೆ. ಹೇಳಿ ಬಿಡುವವನು ಸೆರೆಗೆ ಹೋಗುತ್ತಾನೆ; ಹೇಳದೆ ಬಿಟ್ಟು ಹೋಗುವವನು ಆ ಕಾಯಿದೆಗೆ ಸಿಕ್ಕುವುದಿಲ್ಲ. ಅವನು ಎಲ್ಲ ಧರ್ಮಗಳಲ್ಲಿಯೂ ಇದ್ದಾನೆ. ಅವನು ಪತ್ರಿಕೆಯ ಮೊದಲ ಪುಟಕ್ಕೆ ಬರುವವನಲ್ಲ.

ಇರಲಿ, ಬೀಬಮ್ಮನ ಬಳಿಗೆ ಹಿಂದಿರುಗೋಣ.

ಇದು ನಿಮ್ಮ ಕಾನೂನೋ ನಮ್ಮ ಕಾನೂನೋ ಎಂಬ ಪ್ರಶ್ನೆ ಆಕೆಗೆ ಬರಿಯ ಕುತೂಹಲವಾಗಿರಲಿಲ್ಲ. ಕೋರ್ಟು ಬಿಡಿಸಿದರೂ ಅಲ್ಲಾನ ಮುಂದೆ ತಾನು ಆ ಗಂಡನ ಹೆಂಡತಿಯಾಗಿಯೇ ಉಳಿದರೆ, ದರ್ಜಿಯ ಮನೆಯಲ್ಲಿ ತಾನು ಏನಾಗಿ ಬಾಳಿದಂತಾಯಿತು? ತಂದೆಯವರು ಒಂದು ಭಾನುವಾರ ಆಕೆಯ ಅಣ್ಣನನ್ನು ಕರೆದುಕೊಂಡು ಒಬ್ಬ ವೃದ್ಧ ಮೌಲವಿಗಳಲ್ಲಿಗೆ ಹೋದರು. ನಾನೂ ಜೊತೆಗಿದ್ದೆ. ಮೌಲವಿಗಳು ಕೇಳುತ್ತ ಕೇಳುತ್ತ ಎದ್ದು, ಗೋಡೆಯ ಗೂಡಿನಿಂದ ಬಟ್ಟೆಯಲ್ಲಿ ಸುತ್ತಿದ್ದ ಒಂದು ಉರ್ದು ಪುಸ್ತಕವನ್ನು ತೆಗೆದರು. ಹಾಳೆಗಳು ಕಂದಾಗಿದ್ದುವು. ಅದು ಥಾನವಿಯವರ ಗ್ರಂಥವೆಂಬುದು ನನಗೆ ತಿಳಿದದ್ದು ಬಹು ವರ್ಷಗಳ ಮೇಲೆ. ಅವರು ಹೇಳಿದ್ದಿಷ್ಟು: "ಕೋರ್ಟಿನ ಕಾಗದ ತನ್ನಿ. ಜಡ್ಜಿ ಯಾರಾದರೂ ಆಗಲಿ, ಅದು ದೊರೆಯ ಬಾಗಿಲು. ಆಮೇಲೆ ನಾವು ನಾಲ್ಕು ಜನ ಇಲ್ಲಿ ಕೂತು ಅದನ್ನೇ ಹೇಳುತ್ತೇವೆ. ಹುಡುಗಿಯ ಮನಸ್ಸಿಗೂ ಸಮಾಧಾನವಾಗಲಿ."

ವಕೀಲರು ಎರಡನೆಯ ಕಾರಣವನ್ನು ಹಿಡಿಯೋಣವೆಂದರು. ಎರಡು ವರ್ಷ ಜೀವನಾಂಶ ಕೊಟ್ಟಿಲ್ಲವೆಂದು ರುಜುವಾತಾದರೆ ಡಿಕ್ರಿ ಕೂಡಲೇ ಊರ್ಜಿತ. ಮೊದಲನೆಯದರಲ್ಲಾದರೆ ಗಂಡನ ವಾರಸುದಾರರಿಗೆಲ್ಲ ನೋಟೀಸು ಹೋಗಬೇಕು, ಅವನ ತಮ್ಮನನ್ನು ಕಕ್ಷಿಯಾಗಿ ಸೇರಿಸಬೇಕು, ಡಿಕ್ರಿಯಾದ ಮೇಲೆಯೂ ಆರು ತಿಂಗಳು ಕಾಯಬೇಕು. ಅಷ್ಟರೊಳಗೆ ಗಂಡ ಬಂದು ಸಂಸಾರಕ್ಕೆ ಸಿದ್ಧನೆಂದು ಕೋರ್ಟಿಗೆ ಮನಗಾಣಿಸಿದರೆ ಡಿಕ್ರಿ ರದ್ದು. ಬೀಬಮ್ಮ ಒಪ್ಪಲಿಲ್ಲ. "ಅನ್ನ ಹಾಕಲಿಲ್ಲ ಅಂತ ನಾನು ಅವರ ಮೇಲೆ ಹೇಳೋದಿಲ್ಲ, ಅಣ್ಣಾ. ಎರಡು ಸಲ ದುಡ್ಡು ಕಳಿಸಿದ್ದಾರೆ. ಕಳೆದುಹೋಗಿದ್ದಾರೆ ಅಂತ ಬರೀರಿ" ಎಂದಳು. ಹಾಗೆಯೇ ಬರೆದರು.

ಮಂಡ್ಯದಿಂದ ಮೈದುನ ಬಂದ. ತಾನೂ ಬೊಂಬಾಯಿಗೆ ಹೋಗಿ ಒಂದು ತಿಂಗಳು ಹುಡುಕಿದ್ದೆನೆಂದು ಕಟಕಟೆಯಲ್ಲಿ ಹೇಳಿ ಅತ್ತ. ಅದು ಬೀಬಮ್ಮನಿಗೆ ಅಲ್ಲಿಯವರೆಗೆ ತಿಳಿದಿರಲಿಲ್ಲವಂತೆ. ಡಿಕ್ರಿಯಾಯಿತು.

ತಂದೆಯವರು ಒಂಟಿಕೊಪ್ಪಲ್ ಪಂಚಾಂಗದಲ್ಲಿ ಆರು ತಿಂಗಳು ಮುಗಿಯುವ ದಿನಕ್ಕೆ ಕೆಂಪು ಪೆನ್ಸಿಲಿನಿಂದ ಗುರುತು ಹಾಕಿದರು. ಬೀಬಮ್ಮನ ಲೆಕ್ಕ ಚಂದ್ರನದು. ಅದರಂತೆ ಆರು ತಿಂಗಳು ಐದು ದಿನ ಮೊದಲೇ ತುಂಬಿತು. ಕೋರ್ಟು ಎಣಿಸುವುದು ಇಂಗ್ಲಿಷ್ ತಿಂಗಳನ್ನು ಎಂದು ನಾನು ಗೋಡೆಯ ಮೇಲಿಂದ ಹೇಳಿದೆ. ಆಗಲಿ ಎಂದಳು. ಆ ಐದು ದಿನವೂ, ಪೋಸ್ಟ್‌ಮನ್ ಕೇರಿಗೆ ಬರುವ ಹೊತ್ತಿಗೆ, ಹಲಗೆಯ ಮುಂದಿನಿಂದ ಎದ್ದು, ಕೈಗಂಟಿದ ಕರಿಯ ಹಿಟ್ಟನ್ನು ತೊಳೆದುಕೊಂಡು, ಬಾಗಿಲಿಗೆ ಬಂದು ನಿಂತಿದ್ದಳು.